ಸಲೂನ್ ಕುರ್ಚಿಯಲ್ಲಿ ಕೂತಾಗ ಮಾತು: ಸಮಗ್ರ ಮಾರ್ಗದರ್ಶಿ

ಕುತ್ತಿಗೆಗೆ ಬಟ್ಟೆ ಕಟ್ಟಿದ ಕ್ಷಣದಿಂದ ಹಲವರಿಗೆ ಮುಜುಗರ ಶುರುವಾಗುತ್ತದೆ. ಮಾತಾಡಬೇಕೋ, ಸುಮ್ಮನಿರಬೇಕೋ? ಸುಮ್ಮನಿದ್ದರೆ ಬಿಗುಮಾನ ಅಂದುಕೊಂಡಾರೇ? ಮಾತಾಡಿದರೆ ಕತ್ತರಿ ತಪ್ಪೀತೇ? ಈ ಮುಜುಗರ ಸುಮ್ಮನೆ ಹುಟ್ಟಿದ್ದಲ್ಲ. ಅಷ್ಟೇನೂ ಪರಿಚಯವಿಲ್ಲದವರು ನಮ್ಮ ತಲೆ, ಮುಖ, ಕುತ್ತಿಗೆ ಮುಟ್ಟುತ್ತಾ ಒಂದೆರಡು ಗಂಟೆ ಪಕ್ಕದಲ್ಲೇ ನಿಂತಿರುವ ಸಂದರ್ಭ ಬದುಕಿನಲ್ಲಿ ಕಡಿಮೆ. ಮಾತು ಸಪ್ಪೆಯಾಯಿತೆಂದು ಎದ್ದು ಹೋಗಲು ಆಗುವುದಿಲ್ಲ, ಎದುರಿಗಿರುವ ಕನ್ನಡಿ ಬೇರೆ ಕಣ್ಣು ತಪ್ಪಿಸಲು ಬಿಡುವುದಿಲ್ಲ.

ಇದು ಇಂದಿನ ಸಮಸ್ಯೆಯೂ ಅಲ್ಲ. ಕ್ರಿಸ್ತಪೂರ್ವ 5ನೆಯ ಶತಮಾನದ ಕೊನೆಯಲ್ಲಿ ಆಳಿದ ಮ್ಯಾಸಿಡೋನಿಯಾದ ದೊರೆ ಆರ್ಕೆಲಾಸನನ್ನು ಮಾತುಗಾರ ಕ್ಷೌರಿಕನೊಬ್ಬ 'ಹೇಗೆ ಕತ್ತರಿಸಲಿ?' ಎಂದು ಕೇಳಿದಾಗ, ದೊರೆ 'ಮೌನವಾಗಿ' ಎಂದನಂತೆ. ದೊರೆಗೆ ಆ ಉತ್ತರ ನಡೆಯಿತು. ನಮ್ಮ ನಿಮ್ಮಂಥವರಿಗೆ ಇನ್ನಷ್ಟು ನಯವಾದ ದಾರಿಗಳು ಬೇಕು.

ಕೆಳಗಿನ ಹಂತಗಳೆಲ್ಲ ಒಂದೇ ಸೂತ್ರದ ಮೇಲೆ ನಿಂತಿವೆ: ಮಾತು ಯಾವಾಗ, ಎಷ್ಟು ಎಂಬುದನ್ನು ಕೆಲಸ ಮಾಡುತ್ತಿರುವ ಕೈ ನೋಡಿ ನಿರ್ಧರಿಸಿ. ಕೈ ಬಿಡುವಾಗಿದ್ದರೆ ಮಾತಿಗೆ ಜಾಗವಿದೆ. ಕೈ ಅಳತೆ ನೋಡುತ್ತಿದ್ದರೆ, ಬಣ್ಣ ಬೆರೆಸುತ್ತಿದ್ದರೆ, ಬ್ಲೇಡ್ ಹಿಡಿದಿದ್ದರೆ ಮಾತು ಕಾಯಬೇಕು.

ಹಂತ 1: ಹೋಗುವ ಮೊದಲೇ ತೀರ್ಮಾನಿಸಿ

ಇವತ್ತು ಮಾತು ಬೇಕೋ ಬೇಡವೋ ಎಂಬುದನ್ನು ಮನೆಯಿಂದ ಹೊರಡುವಾಗಲೇ ನಿರ್ಧರಿಸುವುದು ಒಳ್ಳೆಯದು. ಕುರ್ಚಿಯಲ್ಲಿ ಕೂತ ಮೇಲೆ ದಾಕ್ಷಿಣ್ಯ ಅಡ್ಡ ಬರುತ್ತದೆ. ಹತ್ತು ನಿಮಿಷ ನಗುನಗುತ್ತಾ ಹರಟಿದ ಮೇಲೆ ದಿಢೀರನೆ ಕಣ್ಣು ಮುಚ್ಚಿ ಕೂತರೆ, ತಾವೇ ಏನೋ ತಪ್ಪಾಡಿದೆವು ಎಂದು ಎದುರಿನವರಿಗೆ ಅನಿಸುತ್ತದೆ. ಮೊದಲೇ ಹೇಳಿದ ಮೌನ ಯಾರಿಗೂ ಚುಚ್ಚುವುದಿಲ್ಲ.

ಆನ್‌ಲೈನ್‌ನಲ್ಲಿ ಬುಕ್ ಮಾಡುವಾಗ ಟಿಪ್ಪಣಿಗೆ ಜಾಗವಿದ್ದರೆ ಒಂದು ಸಾಲು ಬರೆಯಿರಿ: 'ಇವತ್ತು ಸ್ವಲ್ಪ ವಿಶ್ರಾಂತಿ ಬೇಕಿದೆ, ಮಾತು ಕಡಿಮೆ ಇದ್ದರೆ ಅನುಕೂಲ.' ಕೆಲವು ಸಲೂನ್‌ಗಳಲ್ಲಿ ಮೌನದ ಅಪಾಯಿಂಟ್‌ಮೆಂಟ್ ಎಂಬ ಆಯ್ಕೆಯೇ ಇರುತ್ತದೆ. ಫೋನಿನಲ್ಲಿ ಬುಕ್ ಮಾಡಿದ್ದರೆ ಕುರ್ಚಿಯಲ್ಲಿ ಕೂರುವಾಗ ಹೇಳಿ. ಅದಕ್ಕೆ ಬೇಕಾದ ವಾಕ್ಯಗಳು ಮುಂದೆ ಬರುತ್ತವೆ.

ಹಂತ 2: ಮೊದಲ ಐದು ನಿಮಿಷ ಕೆಲಸದ ಮಾತಿಗೆ ಮೀಸಲು

ಇಡೀ ಭೇಟಿಯಲ್ಲಿ ಅತಿ ಬೆಲೆಬಾಳುವ ಮಾತು ಇದು. ಹೆಚ್ಚಿನ ಅನಾಹುತಗಳು ಆಗುವುದೂ ಇಲ್ಲೇ. ಸಂಕೋಚದವರು ಮೌನ ಮುರಿಯುವ ಆತುರದಲ್ಲಿ ಹವಾಮಾನದ ಮಾತು ತೆಗೆಯುತ್ತಾರೆ. ಮಾತು ಎಲ್ಲಿಗೋ ಹೋಗುತ್ತದೆ. ಹೇಳಬೇಕಾದ್ದು ನೆನಪಾಗುವಷ್ಟರಲ್ಲಿ ಕೂದಲು ಒದ್ದೆಯಾಗಿರುತ್ತದೆ, ಕತ್ತರಿ ಕೈಗೆ ಬಂದಿರುತ್ತದೆ. ಆದ್ದರಿಂದ ನಮಸ್ಕಾರ, ಒಂದು ನಗು, ನೇರ ಕೆಲಸದ ವಿಷಯ. ಲೋಕಾಭಿರಾಮ ಆಮೇಲೆ.

ಕೂದಲಿನ ಕೆಲಸವಾದರೆ ಅಳತೆಯನ್ನು ಬೆರಳಲ್ಲಿ ತೋರಿಸಿ. 'ಸ್ವಲ್ಪ' ಎಂದರೆ ನಿಮಗೆ ಅರ್ಧ ಇಂಚು ಇರಬಹುದು, ಅವರಿಗೆ ಎರಡು ಇಂಚು. ಒಣ ಕೂದಲಿರುವಾಗಲೇ 'ಇಲ್ಲಿಯವರೆಗೆ' ಎಂದು ಭುಜದ ಮೇಲೋ ಕತ್ತಿನ ಮೇಲೋ ಮುಟ್ಟಿ ತೋರಿಸಿ. ಒದ್ದೆ ಕೂದಲು ಉದ್ದ ಕಾಣುತ್ತದೆ, ಒಣಗಿದಾಗ ಮೇಲೇರುತ್ತದೆ. ಗುಂಗುರು ಕೂದಲಿನಲ್ಲಂತೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಎರಡು ಮೂರು ಫೋಟೋ ಇಟ್ಟುಕೊಂಡಿರಿ. ಅದರಲ್ಲಿ ಒಂದು 'ಹೀಗೆ ಬೇಡ' ಎನ್ನುವ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಬೇಡದ್ದನ್ನು ತೋರಿಸಿದಾಗ ಅರ್ಥವಾಗುವಷ್ಟು ಬೇಕಾದ್ದನ್ನು ವಿವರಿಸಿದಾಗ ಆಗುವುದಿಲ್ಲ.

ಬಣ್ಣ ಹಚ್ಚಿಸಿಕೊಳ್ಳುವುದಾದರೆ ಕೂದಲಿನ ಪೂರ್ವಕಥೆ ಹೇಳಿ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ಎರಡು ವರ್ಷದ ಹಿಂದೆ ಹಚ್ಚಿದ ಬಣ್ಣ ಬುಡದಿಂದ 24–30 ಸೆಂಟಿಮೀಟರ್ ದೂರದಲ್ಲಿ ಇನ್ನೂ ಇದೆ. ಉದ್ದ ಕೂದಲಿನವರು ಅದನ್ನು ಮರೆತಿರುತ್ತಾರೆ, ಕೂದಲು ಮರೆತಿರುವುದಿಲ್ಲ. ಗೋರಂಟಿ ಅಥವಾ ಪೆಟ್ಟಿಗೆಯಲ್ಲಿ ಸಿಗುವ ಗಿಡಮೂಲಿಕೆ ಬಣ್ಣ ಹಚ್ಚಿದ್ದರೆ ಕೇಳದಿದ್ದರೂ ಹೇಳಿ. ಕೆಲವು ಮಿಶ್ರ ಗೋರಂಟಿ ಪುಡಿಗಳಲ್ಲಿ ಲೋಹದ ಲವಣಗಳು ಇರುತ್ತವೆ. ಬ್ಲೀಚ್ ಅಥವಾ ಪೆರಾಕ್ಸೈಡ್ ಸೇರಿದಾಗ ಅವು ಬಿಸಿಯಾಗಿ ಕೂದಲು ತುಂಡಾಗಬಹುದು. ಹಿಂದೆ ಬಣ್ಣದಿಂದ ತುರಿಕೆ, ಊತ ಆಗಿದ್ದರೆ ಅದನ್ನೂ ಹೇಳಿ. ಅಲರ್ಜಿ ಪರೀಕ್ಷೆ ಸಾಮಾನ್ಯವಾಗಿ 48 ಗಂಟೆ ಮೊದಲೇ ಆಗಬೇಕು, ಕುರ್ಚಿಯಲ್ಲಿ ಕೂತ ಮೇಲೆ ಅದಕ್ಕೆ ಸಮಯವಿಲ್ಲ.

ಚರ್ಮದ ಕೆಲಸವಾದರೆ ನೀವು ಹಚ್ಚುವ, ನುಂಗುವ ಔಷಧಿಗಳ ಮಾತು. ರೆಟಿನಾಲ್ (ಸುಕ್ಕು, ಮೊಡವೆಗೆ ಹಚ್ಚುವ ವಿಟಮಿನ್ ಎ) ಬಗೆಯ ಕ್ರೀಮ್ ಹಚ್ಚುತ್ತಿದ್ದರೆ ವ್ಯಾಕ್ಸ್ ಜೊತೆ ಚರ್ಮದ ಮೇಲ್ಪದರವೂ ಕಿತ್ತು ಬರಬಹುದು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ, ನಿಲ್ಲಿಸಿ ಆರು ತಿಂಗಳು ಆಗದವರಿಗೆ ವ್ಯಾಕ್ಸಿಂಗ್ ಬೇಡ. ಗರ್ಭಿಣಿಯಾಗಿದ್ದರೆ, ಬೆನ್ನು ಕುತ್ತಿಗೆ ನೋವಿದ್ದರೆ ಅದೂ ಈ ಐದು ನಿಮಿಷದಲ್ಲೇ ಬರಬೇಕು. ಪಕ್ಕದ ಕುರ್ಚಿಯವರಿಗೆ ಕೇಳಬಾರದೆಂದಿದ್ದರೆ 'ಒಂದು ವಿಷಯ ಮೆಲ್ಲಗೆ ಹೇಳಬೇಕಿತ್ತು' ಎನ್ನಿ. ಅನುಭವವಿರುವವರು ತಾವಾಗಿ ಬಗ್ಗುತ್ತಾರೆ.

ಇದೆಲ್ಲ ಮುಗಿದ ಮೇಲೆ ಕೊನೆಗೊಂದು ಪ್ರಶ್ನೆ: 'ನಾನು ಹೇಳಿದ್ದರಲ್ಲಿ ನಿಮಗೆ ಅರ್ಥವಾದದ್ದು ಒಮ್ಮೆ ಹೇಳ್ತೀರಾ?' ಕೇಳಲು ಸ್ವಲ್ಪ ಬಿಗಿ ಅನಿಸುತ್ತದೆ, ಆದರೂ ಕೇಳಿ. ಅವರ ಬಾಯಿಂದ 'ಹಿಂದೆ ಎರಡಿಂಚು, ಮುಂದೆ ಮುಟ್ಟೋದಿಲ್ಲ' ಎಂದು ಬಂದರೆ ಉಳಿದ ಒಂದು ಗಂಟೆ ಇಬ್ಬರೂ ನೆಮ್ಮದಿಯಾಗಿ ಮಾತಾಡಬಹುದು.

ಹಂತ 3: ಮೊದಲ ಸಾಲು, ಎರಡನೆಯ ಪ್ರಶ್ನೆ

'ಇವತ್ತು ತುಂಬಾ ಬ್ಯುಸಿನಾ?' ಇದು ಎಲ್ಲರೂ ಕೇಳುವ ಪ್ರಶ್ನೆ. ಕೆಟ್ಟ ಪ್ರಶ್ನೆಯೇನಲ್ಲ, ಆದರೆ 'ಹೌದು' ಎಂಬಲ್ಲಿಗೆ ಮುಗಿದುಹೋಗುತ್ತದೆ. ಅದನ್ನೇ ಸ್ವಲ್ಪ ತಿರುಗಿಸಿ: 'ವಾರದಲ್ಲಿ ಯಾವ ದಿನ ನಿಮಗೆ ಉಸಿರಾಡೋಕೂ ಬಿಡುವಿರಲ್ಲ?' ಈಗ ಉತ್ತರದಲ್ಲಿ ಒಂದು ದಿನ ಬರುತ್ತದೆ, ಅದರ ಹಿಂದೆ ಕಾರಣ ಬರುತ್ತದೆ, ಕಾರಣದ ಹಿಂದೆ ಮಾತು ಬರುತ್ತದೆ.

ಮೊದಲ ಸಾಲು ಜಾಣತನದ್ದಾಗಿರಬೇಕಿಲ್ಲ. ಮಾತನ್ನು ಎತ್ತಿ ನಿಲ್ಲಿಸುವುದು ಎರಡನೆಯ ಪ್ರಶ್ನೆ, ಅಂದರೆ ಅವರು ಈಗಷ್ಟೇ ಹೇಳಿದ್ದರಿಂದ ಹುಟ್ಟಿದ ಪ್ರಶ್ನೆ. 2017ರಲ್ಲಿ ಹಾರ್ವರ್ಡ್ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಹೇಳಿದ್ದೂ ಇದನ್ನೇ: ಹೆಚ್ಚು ಪ್ರಶ್ನೆ ಕೇಳುವವರನ್ನು, ಅದರಲ್ಲೂ ಹೇಳಿದ್ದನ್ನೇ ಹಿಡಿದು ಮುಂದಿನದನ್ನು ಕೇಳುವವರನ್ನು ಜನ ಹೆಚ್ಚು ಇಷ್ಟಪಡುತ್ತಾರೆ. ಕುರ್ಚಿಯಲ್ಲಿ ಅದು ಹೀಗೆ ಕಾಣುತ್ತದೆ:

'ಈ ಕತ್ತರಿ ಬೇರೆ ಥರ ಇದೆಯಲ್ಲ?'
'ಹೌದು, ಇದು ದಪ್ಪ ಕೂದಲನ್ನ ತೆಳ್ಳಗೆ ಮಾಡೋಕೆ. ಒಂದು ಕಡೆ ಹಲ್ಲು ಇರುತ್ತೆ ನೋಡಿ.'
'ಓ, ಹಾಗಾದ್ರೆ ನನ್ನಂಥ ಕೂದಲಿಗೆ ಅದು ಯಾವಾಗ್ಲೂ ಬೇಕಾ?'
'ಯಾವಾಗ್ಲೂ ಬೇಡ. ಬುಡದ ಹತ್ತಿರ ಜಾಸ್ತಿ ಹಾಕಿದ್ರೆ ಚಿಕ್ಕ ಕೂದಲು ಮೇಲಕ್ಕೆ ನಿಂತುಬಿಡುತ್ತೆ. ತುಂಬಾ ಜನ ಅದನ್ನ ಸರಿಮಾಡಿಸೋಕೆ ಬರ್ತಾರೆ.'
'ಸರಿಮಾಡೋದು ಹೇಗೆ ಅದನ್ನ?'

ಮೂರೇ ಪ್ರಶ್ನೆ. ಯಾರ ಖಾಸಗಿ ಬದುಕನ್ನೂ ಮುಟ್ಟಿಲ್ಲ. ಅವರಿಗೆ ತಮ್ಮ ಕಸುಬಿನ ಬಗ್ಗೆ ಹೇಳುವ ಖುಷಿ ಸಿಕ್ಕಿತು, ನಿಮಗೆ ಮನೆಯಲ್ಲಿ ಉಪಯೋಗಕ್ಕೆ ಬರುವ ತಿಳಿವಳಿಕೆ ಸಿಕ್ಕಿತು. ಏನು ಮಾತಾಡಬೇಕೆಂದು ತೋಚದವರಿಗೆ ಕಸುಬಿನ ಮಾತಿಗಿಂತ ಸುರಕ್ಷಿತವಾದ ದಾರಿ ಇನ್ನೊಂದಿಲ್ಲ. 'ಮನೆಯಲ್ಲೇ ಜನ ಮಾಡಿಕೊಳ್ಳೋ ದೊಡ್ಡ ತಪ್ಪು ಯಾವುದು?' ಎಂದು ಕೇಳಿ ನೋಡಿ. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವ ಬ್ಯೂಟಿಷಿಯನ್ ಸಿಗುವುದು ಕಷ್ಟ.

ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರೆ ಮಾತು ವಿಚಾರಣೆಯಾಗುತ್ತದೆ. ಎರಡು ಪ್ರಶ್ನೆಗೊಮ್ಮೆ ನಿಮ್ಮದೂ ಒಂದು ಸಣ್ಣ ಸಂಗತಿ ಸೇರಿಸಿ. 'ನನ್ನ ಕೂದಲು ಮಳೆಗಾಲದಲ್ಲಿ ಹೇಳಿದ ಮಾತೇ ಕೇಳಲ್ಲ' ಎನ್ನುವಷ್ಟು ಸಾಕು.

ಹಂತ 4: ಸೇವೆ ಯಾವುದೋ ಮಾತೂ ಹಾಗೆ

ಕೂದಲು ತೊಳೆಯುವಾಗ: ಕಿವಿಯ ಪಕ್ಕದಲ್ಲೇ ನೀರು ಸುರಿಯುತ್ತಿರುತ್ತದೆ, ನಿಮಗೆ ಕೇಳುವುದಿಲ್ಲ. ಇಲ್ಲಿ ಮೂರೇ ವಿಷಯಕ್ಕೆ ಬಾಯಿ ತೆರೆಯಿರಿ: ನೀರಿನ ಬಿಸಿ, ಬೆರಳಿನ ಒತ್ತಡ, ಕುತ್ತಿಗೆ. ಕುತ್ತಿಗೆಯ ವಿಷಯದಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಬೇಸಿನ್ ಮೇಲೆ ಕುತ್ತಿಗೆಯನ್ನು ತೀರಾ ಹಿಂದಕ್ಕೆ ಬಾಗಿಸಿದ್ದರಿಂದ ಮಿದುಳಿಗೆ ಹೋಗುವ ರಕ್ತನಾಳಕ್ಕೆ ತೊಂದರೆಯಾಗಿ ಪಾರ್ಶ್ವವಾಯುವಿನ ಲಕ್ಷಣ ಕಂಡ ಪ್ರಕರಣಗಳು 1993ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿವೆ. ಅಪರೂಪ, ಆದರೆ ನಿಜ. 'ಕುತ್ತಿಗೆ ಕೆಳಗೆ ಒಂದು ಟವೆಲ್ ಇಡ್ತೀರಾ?' ಎಂದರೆ ಸಾಕು. ತಲೆ ಸುತ್ತಿದರೆ ತಕ್ಷಣ ಹೇಳಿ, ಎದ್ದು ಕೂರಿ.

ಕತ್ತರಿಸುವಾಗ: ಮಾತಿಗೆ ಒಳ್ಳೆಯ ಸಮಯವೇ, ಆದರೆ ಎಲ್ಲ ಹೊತ್ತೂ ಅಲ್ಲ. ಹಿಂಭಾಗ ಕತ್ತರಿಸುವಾಗ, ಕ್ಲಿಪ್ ಹಾಕಿ ಭಾಗ ಮಾಡುವಾಗ ಆರಾಮಾಗಿ ಮಾತಾಡಬಹುದು. ಹಣೆಯ ಮೇಲಿನ ಕೂದಲು, ಕಿವಿಯ ಸುತ್ತ, ಎರಡೂ ಕಡೆ ಸಮ ನೋಡುವ ಹೊತ್ತು ಬಂದಾಗ ನಿಲ್ಲಿಸಿ. ಎರಡು ಎಳೆಗಳನ್ನು ಎಡಬಲಕ್ಕೆ ಎಳೆದು ಕನ್ನಡಿಯಲ್ಲಿ ನೋಡುತ್ತಿದ್ದಾರೆಂದರೆ ಅಳತೆ ನಡೆಯುತ್ತಿದೆ ಎಂದರ್ಥ. ಆಗ ನೀವು ನಕ್ಕರೂ ಗಲ್ಲ ಮೇಲೆದ್ದು ತಲೆ ಕದಲುತ್ತದೆ. ಮತ್ತೊಂದು: ಉತ್ತರವನ್ನು ತಲೆಯಾಡಿಸಿ ಹೇಳಬೇಡಿ. 'ಹೂಂ' ಎಂದು ಬಾಯಲ್ಲೇ ಅನ್ನಿ. ಹಣೆಯ ಕೂದಲು ಓರೆಯಾಗುವುದಕ್ಕೆ ಸಾಮಾನ್ಯ ಕಾರಣಗಳಲ್ಲಿ ತಲೆಯಾಡಿಸುವುದೂ ಒಂದು.

ಡ್ರೈಯರ್ ಹಾಕಿದಾಗ: ಡ್ರೈಯರ್ ಸದ್ದು 80–90 ಡೆಸಿಬೆಲ್ ಇರುತ್ತದೆ, ಸಾಧಾರಣ ಮಾತು 60ರ ಆಸುಪಾಸು. ಕೂಗಿದರೂ ಅರ್ಧ ಕೇಳುತ್ತದೆ. ಮೇಲಾಗಿ ಡ್ರೈಯರ್ ದಿಢೀರನೆ ನಿಂತಾಗ ನಿಮ್ಮ ಮನೆಯ ವಿಷಯ ಇಡೀ ಸಲೂನಿಗೆ ಕೇಳಿಸಿರುತ್ತದೆ. ವಾಕ್ಯದ ಮಧ್ಯದಲ್ಲಿ ಡ್ರೈಯರ್ ಶುರುವಾದರೆ 'ಆಮೇಲೆ ಹೇಳ್ತೀನಿ' ಎಂದು ಕೈಯಲ್ಲೇ ಸನ್ನೆ ಮಾಡಿ.

ಬಣ್ಣ ಹಚ್ಚುವಾಗ: ಬಟ್ಟಲಿನಲ್ಲಿ ಬಣ್ಣ ಮತ್ತು ಡೆವಲಪರ್ (ಬಣ್ಣ ಹಿಡಿಯುವಂತೆ ಮಾಡುವ ಪೆರಾಕ್ಸೈಡ್) ಬೆರೆಸುವ ಹೊತ್ತಿನಲ್ಲಿ ಏನೂ ಕೇಳಬೇಡಿ. ಬ್ರ್ಯಾಂಡ್‌ಗೆ ತಕ್ಕಂತೆ ಒಂದಕ್ಕೊಂದೋ ಒಂದಕ್ಕೆರಡೋ ಎಂದು ಅಳತೆ ಬದಲಾಗುತ್ತದೆ, ಎಣಿಕೆ ತಪ್ಪಿದರೆ ಬಣ್ಣ ತಪ್ಪುತ್ತದೆ. ಹಚ್ಚಲು ಶುರುಮಾಡಿದ ಮೇಲೆ ಮಾತಾಡಬಹುದು. ಬಣ್ಣ ಕೂರಲು ಬಿಡುವ 30–45 ನಿಮಿಷ ಬೇರೆಯದೇ ಲೆಕ್ಕ. ಆ ಹೊತ್ತಿನಲ್ಲಿ ಅವರು ಇನ್ನೊಬ್ಬರ ಕೆಲಸಕ್ಕೆ ಹೋಗಬಹುದು, ನೀರು ಕುಡಿಯಬಹುದು, ಐದು ನಿಮಿಷ ಕಾಲು ಚಾಚಬಹುದು. ಅವರನ್ನು ಮಾತಿನಲ್ಲಿ ಕಟ್ಟಿಹಾಕಬೇಡಿ. ಪುಸ್ತಕ, ಫೋನು ಹೊರತೆಗೆಯಲು ಇದೇ ಒಳ್ಳೆಯ ಸಮಯ. ಮೌನ ಮುರಿಯಬೇಕಾದ ಸಂದರ್ಭ ಒಂದೇ: ನೆತ್ತಿ ಉರಿಯುತ್ತಿದ್ದರೆ ಸುಮ್ಮನೆ ಕೂರಬೇಡಿ.

ಥ್ರೆಡಿಂಗ್: ಇಲ್ಲಿ ಮಾತೇ ಇಲ್ಲ. ದಾರದ ಒಂದು ತುದಿ ಅನೇಕರ ಹಲ್ಲಿನಲ್ಲಿರುತ್ತದೆ, ಉಳಿದದ್ದು ಎರಡೂ ಕೈಯಲ್ಲಿ. ನಿಮ್ಮ ಎರಡೂ ಕೈ ಹುಬ್ಬಿನ ಮೇಲೆ ಕೆಳಗೆ ಚರ್ಮ ಎಳೆದು ಹಿಡಿದಿರುತ್ತದೆ. ನೀವು ಪ್ರಶ್ನೆ ಕೇಳಿದರೆ ಅವರು ಉತ್ತರಿಸಲು ದಾರ ಬಿಡಬೇಕು. ಮೇಲ್ದುಟಿಗೆ ಮಾಡುವಾಗ ಬಾಯಿ ಕದಲಿದರೆ ದಾರ ಚರ್ಮವನ್ನೇ ಕಚ್ಚುತ್ತದೆ. ಹುಬ್ಬಿನ ಆಕಾರ ಮೊದಲೇ ಮಾತಾಡಿಕೊಳ್ಳಿ: 'ದಪ್ಪ ಹಾಗೇ ಇರಲಿ, ಕೆಳಗೆ ಮಾತ್ರ ಸ್ವಚ್ಛ ಮಾಡಿ.' ಒಂದು ಹುಬ್ಬು ಮುಗಿದಾಗ ಕನ್ನಡಿ ಕೇಳಿ. ಎರಡೂ ಮುಗಿದ ಮೇಲೆ ಹೇಳಿದರೆ ಕಿತ್ತ ಕೂದಲನ್ನು ಯಾರೂ ವಾಪಸು ಅಂಟಿಸಲಾರರು.

ವ್ಯಾಕ್ಸಿಂಗ್: ಮಾತು ಇಲ್ಲಿ ಅರ್ಧ ಔಷಧಿ. ಪಟ್ಟಿ ಎಳೆಯುವ ಮುಂಚೆ ಅವರು 'ರಜಕ್ಕೆ ಎಲ್ಲಾದ್ರೂ ಹೋಗ್ತಿದ್ದೀರಾ?' ಎಂದು ಕೇಳಿದರೆ ಅದು ಬರೀ ಕುತೂಹಲ ಆಗಿರಲಿಕ್ಕಿಲ್ಲ, ನಿಮ್ಮ ಗಮನ ಬೇರೆಡೆ ಸೆಳೆಯುವ ಉಪಾಯವೂ ಹೌದು. ಉದ್ದ ಉತ್ತರ ಕೊಡಿ. ಮಾತಾಡುವಾಗ ಉಸಿರು ಹೊರಹೋಗುತ್ತದೆ, ಸ್ನಾಯು ಸಡಿಲವಾಗುತ್ತದೆ. ಉಸಿರು ಬಿಗಿಹಿಡಿದು ಕೂತವರಿಗೆ ನೋವು ಹೆಚ್ಚೆನಿಸುತ್ತದೆ. ವ್ಯಾಕ್ಸ್ ತೀರಾ ಬಿಸಿ ಅನಿಸಿದರೆ ಮಾತ್ರ ಎಲ್ಲ ಹರಟೆ ನಿಲ್ಲಿಸಿ ಒಂದೇ ಪದ: 'ಬಿಸಿ.'

ಫೇಶಿಯಲ್: ಕ್ಲೆನ್ಸಿಂಗ್ ನಡೆಯುವಾಗ ಒಂದೆರಡು ಮಾತು, ಮಸಾಜ್ ಶುರುವಾದ ಮೇಲೆ ಮೌನ. ಒಣಗುವ ಜೇಡಿಮಣ್ಣಿನ ಮಾಸ್ಕ್ ಹಾಕಿದ 10–15 ನಿಮಿಷ ಬಾಯಿ ಆಡಿಸಿದರೆ ತುಟಿಯ ಸುತ್ತ ಬಿರುಕು ಬಿಟ್ಟು ತುರಿಸುತ್ತದೆ. ಒತ್ತಡ ಹೆಚ್ಚೋ ಕಡಿಮೆಯೋ ಎಂಬುದನ್ನು ಅಂಕಿಯಲ್ಲಿ ಹೇಳಿ. 'ಈಗ ಹತ್ತಕ್ಕೆ ಎಂಟಿದೆ, ಐದು ಸಾಕು' ಎಂಬುದು 'ಸ್ವಲ್ಪ ಮೆಲ್ಲಗೆ' ಎಂಬುದಕ್ಕಿಂತ ಬೇಗ ತಲುಪುತ್ತದೆ.

ಉಗುರಿನ ಕೆಲಸ: ಇದು ಬೇರೆಲ್ಲದಕ್ಕಿಂತ ಭಿನ್ನ. ಇಬ್ಬರೂ ಎದುರುಬದುರು, ಮಧ್ಯೆ ಕಿರಿದಾದ ಮೇಜು. ಕೈ ಅವರ ಹಿಡಿತದಲ್ಲಿ, ಹಾಗಾಗಿ ಫೋನು ಮುಟ್ಟುವಂತಿಲ್ಲ. ಅದಕ್ಕೇ ಇಲ್ಲಿ ಮಾತು ತಾನಾಗಿ ಹುಟ್ಟುತ್ತದೆ, ಸುಮ್ಮನಿರುವುದೇ ಕಷ್ಟ. ಮಾತಾಡುತ್ತಾ ಕೈ ಆಡಿಸುವ ಅಭ್ಯಾಸವಿದ್ದರೆ ಎಚ್ಚರ, ಒಂದು ಸನ್ನೆಗೆ ಒಂದು ಉಗುರು ಹಾಳು. ಜೆಲ್ ಹಾಕಿಸುವಾಗ ಪ್ರತಿ ಪದರಕ್ಕೂ ಕೈ 30–60 ಸೆಕೆಂಡು ದೀಪದ ಕೆಳಗೆ ಹೋಗುತ್ತದೆ. ಆ ಬಿಡುವು ಒಂದು ಪ್ರಶ್ನೆ, ಒಂದು ಉತ್ತರಕ್ಕೆ ಸರಿಯಾಗುತ್ತದೆ. ಗೆರೆ ಎಳೆಯುವ, ಚಿತ್ರ ಬಿಡಿಸುವ ಹೊತ್ತಿನಲ್ಲಿ ಮಾತು ಬಿಟ್ಟು ಅವರ ಕೈಚಳಕ ನೋಡಿ.

ಕಣ್ರೆಪ್ಪೆ ಅಂಟಿಸುವುದು: ಒಂದೂವರೆಯಿಂದ ಎರಡು ಗಂಟೆ ಕಣ್ಣು ಮುಚ್ಚಿ ಮಲಗಬೇಕು. ಒಂದೊಂದು ರೆಪ್ಪೆಗೂದಲಿಗೂ ಒಂದೊಂದು ಕೃತಕ ಎಳೆ ಅಂಟಿಸುತ್ತಾರೆ. ಮಾತಾಡಿದರೆ ಕೆನ್ನೆ ಏರುತ್ತದೆ, ರೆಪ್ಪೆ ಅದುರುತ್ತದೆ, ಅಂಟು ಬೇಡದ ಕಡೆ ತಗಲುತ್ತದೆ. ಕಣ್ಣು ಉರಿದರೆ ತೆರೆಯದೆ, ಕೈ ಮೇಲೆತ್ತಿ ಹೇಳಿ.

ಗಡ್ಡ, ಕ್ಷೌರ: ಬ್ಲೇಡ್ ಗಂಟಲ ಬಳಿ ಇರುವಾಗ ಮಾತು, ನಗು, ತಲೆಯಾಡಿಸುವುದು ಯಾವುದೂ ಇಲ್ಲ. ಕೆಮ್ಮು ಬರುವಂತಿದ್ದರೆ ಬಟ್ಟೆಯ ಕೆಳಗಿನಿಂದಲೇ ಕೈ ಎತ್ತಿ. ಈ ಸನ್ನೆಯನ್ನು ಶುರುವಿನಲ್ಲೇ ಮಾತಾಡಿಕೊಂಡಿರಿ.

ಕನ್ನಡಿಯ ವಿಷಯ

ಸಲೂನಿನಲ್ಲಿ ಮುಖಾಮುಖಿ ನಡೆಯುವುದು ಕನ್ನಡಿಯಲ್ಲಿ. ಹಿಂದೆ ನಿಂತವರು ಮಾತಾಡಿದಾಗ ತಿರುಗಿ ನೋಡುವುದು ನಮಗೆ ಸಹಜ, ಕತ್ತರಿಗೆ ಅಪಾಯ. ಕನ್ನಡಿಯಲ್ಲಿ ಅವರ ಕಣ್ಣಿನ ಕಡೆ ನೋಡಿ ಮಾತಾಡಿ. ಅವರ ಕಣ್ಣು ನಿಮ್ಮ ಕೂದಲಿನ ಮೇಲಿದ್ದರೆ ಉತ್ತರ ತಡವಾಗಿ ಬಂದೀತು, ತಪ್ಪು ತಿಳಿಯಬೇಡಿ. ಅವರ ಕಣ್ಣು ಕನ್ನಡಿಗೆ ಏರಿ ನಿಮ್ಮದನ್ನು ಹುಡುಕಿದರೆ ಅದು ಮಾತಿಗೆ ಆಹ್ವಾನ. ಕನ್ನಡಕ ತೆಗೆದಿಟ್ಟಿದ್ದರೆ 'ನನಗೆ ಈಗ ನಿಮ್ಮ ಮುಖ ಸರಿಯಾಗಿ ಕಾಣಲ್ಲ, ಬಾಯಲ್ಲೇ ಹೇಳಿ' ಎಂದುಬಿಡಿ. ಇಲ್ಲದಿದ್ದರೆ ಅವರ ನಗುವಿಗೆ ನೀವು ನಗದೆ ಕೂತಿರುತ್ತೀರಿ.

ಹಂತ 5: ಯಾವ ವಿಷಯ, ಯಾವುದು ಬೇಡ

ಕೂದಲು ಚರ್ಮದ ಆರೈಕೆ, ಅವರು ಕಸುಬು ಕಲಿತ ಬಗೆ, ಪ್ರಯಾಣ, ಸಾಕುಪ್ರಾಣಿ, ಅಡುಗೆ, ನೋಡಿದ ಸಿನಿಮಾ, ಬರಲಿರುವ ಸಮಾರಂಭ. ಇವುಗಳಲ್ಲಿ ಯಾವುದನ್ನು ಹಿಡಿದರೂ ಮಾತು ಸಾಗುತ್ತದೆ. ಸಮಾರಂಭದ ಮಾತಿನಿಂದ ಕೆಲಸಕ್ಕೂ ಲಾಭವಿದೆ. ಹತ್ತು ದಿನದಲ್ಲಿ ಮದುವೆ ಇದೆ ಎಂದು ಗೊತ್ತಾದರೆ ಅವರು ಹೊಸ ಪ್ರಯೋಗ ಬೇಡ ಎನ್ನುತ್ತಾರೆ, ಫೇಶಿಯಲ್ ಯಾವಾಗ ಮಾಡಿಸಿದರೆ ಮುಖ ಕೆಂಪಾಗಿರದು ಎಂದು ಹೇಳುತ್ತಾರೆ.

ಸಂಬಳ, ವಯಸ್ಸು, ಮದುವೆ ಯಾಕಾಗಿಲ್ಲ, ಮಕ್ಕಳು ಯಾವಾಗ, ದಪ್ಪ ಸಣ್ಣ, ಜಾತಿ, ಚುನಾವಣೆ: ಇವನ್ನು ನೀವೂ ಎತ್ತಬೇಡಿ. ಅವರು ಕೆಲಸ ಬಿಟ್ಟು ಎದ್ದು ಹೋಗುವಂತಿಲ್ಲ, ಉತ್ತರ ಕೊಡದೆ ಇರುವಂತೆಯೂ ಇಲ್ಲ. ಗಿರಾಕಿ ಕೇಳಿದ ಪ್ರಶ್ನೆಗೆ ನಗುತ್ತಾ ಉತ್ತರಿಸಬೇಕಾದ ಒತ್ತಡ ಅವರ ಮೇಲಿರುತ್ತದೆ. ಪಕ್ಕದ ಕುರ್ಚಿಯ ಸಹೋದ್ಯೋಗಿಯ ಕೆಲಸದ ಬಗ್ಗೆ, ನೀವು ಹಿಂದೆ ಹೋಗುತ್ತಿದ್ದ ಪಾರ್ಲರಿನ ಬಗ್ಗೆ ಅಭಿಪ್ರಾಯ ಕೇಳುವುದೂ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಹಿಂದೆ ಕೆಟ್ಟ ಕೆಲಸವಾಗಿದ್ದರೆ ಹೆಸರು ಬಿಟ್ಟು ವಿಷಯ ಹೇಳಿ: 'ಹೋದ ಸಲ ಪದರಗಳು ತೀರಾ ಗಿಡ್ಡವಾದವು.'

ಒಂದು ಎಚ್ಚರಿಕೆಯ ಮಾತು. ಮನೆ ಇಂಥ ದಿನದಿಂದ ಇಂಥ ದಿನದವರೆಗೆ ಬೀಗ ಹಾಕಿರುತ್ತೆ, ಮಗು ಇಷ್ಟು ಹೊತ್ತಿಗೆ ಒಬ್ಬಂಟಿ ಇರುತ್ತೆ ಎಂಬ ವಿವರಗಳನ್ನು ತುಂಬಿದ ಸಲೂನಿನಲ್ಲಿ ಗಟ್ಟಿಯಾಗಿ ಹೇಳಬೇಡಿ. ಕೆಲಸ ಮಾಡುವವರ ಮೇಲಿನ ಅನುಮಾನದಿಂದಲ್ಲ, ಕಾಯುತ್ತಾ ಕೂತವರು ಯಾರೆಂದು ನಿಮಗೆ ಗೊತ್ತಿಲ್ಲ ಎಂಬ ಕಾರಣಕ್ಕೆ.

ಭಾರವಾದ ಮಾತುಗಳದ್ದು ಬೇರೆಯೇ ಕಥೆ. ತಲೆ ನೇವರಿಸುವ ಕೈ ಸಿಕ್ಕಾಗ ಮನಸ್ಸಿನಲ್ಲಿದ್ದದ್ದು ಹೊರಗೆ ಬರುವುದು ಸಹಜ. ಸಾವು, ವಿಚ್ಛೇದನ, ಕಾಯಿಲೆ, ಮನೆಯ ಹಿಂಸೆ ಇವೆಲ್ಲ ಈ ಕುರ್ಚಿಗಳಲ್ಲಿ ಹೇಳಿಕೆಯಾಗುತ್ತಲೇ ಇರುತ್ತವೆ. ಇದನ್ನು ಗುರುತಿಸಿಯೇ ಅಮೆರಿಕದ ಇಲಿನಾಯ್ ರಾಜ್ಯ 2017ರಿಂದ ಸಲೂನ್ ವೃತ್ತಿಪರರಿಗೆ ಕೌಟುಂಬಿಕ ಹಿಂಸೆಯ ಲಕ್ಷಣ ಗುರುತಿಸುವ ತರಬೇತಿಯನ್ನು ಕಡ್ಡಾಯ ಮಾಡಿತು. ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಹೇಳುವ ಮುಂಚೆ 'ಸ್ವಲ್ಪ ಬೇಸರದ ವಿಷಯ, ಹೇಳಬಹುದಾ?' ಎಂದು ಕೇಳಿದರೆ ಅವರಿಗೂ ಮನಸ್ಸು ಸಿದ್ಧಮಾಡಿಕೊಳ್ಳಲು ಆಗುತ್ತದೆ. ಅವರಿಂದ ಪರಿಹಾರ ನಿರೀಕ್ಷಿಸಬೇಡಿ. ಹಾಗೆಯೇ ಮಚ್ಚೆ, ಗಂಟು, ಕೂದಲು ಉದುರಿ ಬೋಳಾದ ಜಾಗ ಅವರ ಕಣ್ಣಿಗೆ ಬಿದ್ದು ಅವರು ಹೇಳಿದರೆ ಕಡೆಗಣಿಸದೆ ವೈದ್ಯರ ಬಳಿ ಹೋಗಿ. ನಿಮ್ಮ ನೆತ್ತಿಯ ಹಿಂಭಾಗವನ್ನು ಅಷ್ಟು ಹತ್ತಿರದಿಂದ ನೋಡುವವರು ಬೇರೆ ಯಾರಿದ್ದಾರೆ?

ಹಂತ 6: ಮಾತು ಬೇಡವಾದಾಗ

ಮೌನ ಕೇಳುವುದು ಒರಟುತನವಲ್ಲ. ಬೆಳಗಿನಿಂದ ಎಂಟು ಗಿರಾಕಿಗಳೊಂದಿಗೆ ಮಾತಾಡಿರುವವರಿಗೆ ನಿಮ್ಮ ಮೌನ ಬಿಡುವಾಗಿಯೂ ಸಿಗಬಹುದು. ಕಾರಣವನ್ನು ನಿಮ್ಮ ಮೇಲೆ ಹಾಕಿಕೊಳ್ಳಿ:

'ಇವತ್ತು ತಲೆ ತುಂಬಾ ದಣಿದಿದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರ್ತೀನಿ. ಏನಾದ್ರೂ ಕೇಳಬೇಕಿದ್ರೆ ಕೇಳಿ, ಪರವಾಗಿಲ್ಲ.'

ಕೊನೆಯ ವಾಕ್ಯ ಬಿಡಬೇಡಿ. ಅದಿಲ್ಲದಿದ್ದರೆ ಕೆಲಸದ ಪ್ರಶ್ನೆ ಕೇಳಲೂ ಅವರು ಹಿಂಜರಿದು ಊಹೆಯಲ್ಲಿ ಕತ್ತರಿಸುತ್ತಾರೆ. ಇಯರ್‌ಫೋನ್ ಹಾಕುವುದಾದರೆ ಒಂದೇ ಕಿವಿಗೆ, ಅದೂ ಕೇಳಿ. ಕಿವಿಯ ಸುತ್ತ ಕೆಲಸ ಬಂದಾಗ ತೆಗೆಯಬೇಕಾಗುತ್ತದೆ. ಫೋನ್ ನೋಡುವುದಾದರೆ ಅದನ್ನು ಮೇಲೆತ್ತಿ ಹಿಡಿಯಿರಿ. ತಲೆ ತಗ್ಗಿಸಿ ಕೂತರೆ ಹಿಂದಿನ ಕೂದಲಿನ ಗೆರೆ ಓರೆಯಾಗುತ್ತದೆ.

ಅವರೇ ನಿಲ್ಲಿಸದೆ ಮಾತಾಡುತ್ತಿದ್ದರೆ? ಪ್ರಶ್ನೆ ನಿಲ್ಲಿಸಿ, ಉತ್ತರ ಗಿಡ್ಡ ಮಾಡಿ, ಕನ್ನಡಿಯಿಂದ ಕಣ್ಣು ತೆಗೆಯಿರಿ. ಬಹಳಷ್ಟು ಜನಕ್ಕೆ ಇಷ್ಟು ಸಾಕು. ಆಗದಿದ್ದರೆ ಮೇಲಿನ ವಾಕ್ಯವನ್ನೇ ಹೇಳಿ. ಪ್ರಶ್ನೆ ಖಾಸಗಿಯಾದರೆ, 'ಅದು ದೊಡ್ಡ ಕಥೆ ಬಿಡಿ. ಅಂದಹಾಗೆ ಈ ಕೂದಲಿಗೆ ಎಣ್ಣೆ ಯಾವಾಗ ಹಚ್ಚಬೇಕು?' ಎಂದು ಹೊರಳಿಸಿ. 'ಮುಖ ತುಂಬಾ ಒಣಗಿದೆ, ಈ ಪ್ಯಾಕ್ ತಗೊಳ್ಳಿ' ಎಂಬ ಮಾರಾಟದ ಮಾತಿಗೆ: 'ಇವತ್ತು ಬೇಡ. ಹೆಸರು ಬರೆದುಕೊಡಿ, ನೋಡಿ ಹೇಳ್ತೀನಿ.' ಕಾರಣ ಕೊಡಬೇಡಿ. ದುಡ್ಡು ತಂದಿಲ್ಲ ಎಂದರೆ ಆನ್‌ಲೈನ್‌ನಲ್ಲಿ ಕೊಡಿ ಎನ್ನುತ್ತಾರೆ, ಮನೆಯಲ್ಲಿದೆ ಎಂದರೆ ಅದು ಸರಿಯಿಲ್ಲ ಎನ್ನುತ್ತಾರೆ. ಕಾರಣ ಕೊಟ್ಟಷ್ಟೂ ಮಾತು ಬೆಳೆಯುತ್ತದೆ.

ಹಂತ 7: ಹರಟೆಯ ನಡುವೆ ಕೆಲಸ ತಪ್ಪುತ್ತಿದೆ ಅನಿಸಿದರೆ

ಸ್ನೇಹದ ಮಾತಿಗೆ ಇಲ್ಲೊಂದು ಅಪಾಯವಿದೆ. ಇಷ್ಟು ಚೆನ್ನಾಗಿ ಮಾತಾಡುತ್ತಿದ್ದಾರೆ, ಈಗ ಹೇಗೆ ಹೇಳಲಿ ಎಂದು ಬಾಯಿ ಕಟ್ಟುತ್ತದೆ. ಐದು ನಿಮಿಷ ತಡವಾದರೆ ಸರಿಪಡಿಸುವಷ್ಟು ಕೂದಲೇ ಉಳಿದಿರುವುದಿಲ್ಲ. ಅವರ ಮಾತು ಮುಗಿಯಲೆಂದು ಕಾಯಬೇಡಿ. 'ಒಂದು ನಿಮಿಷ, ಕತ್ತರಿ ನಿಲ್ಲಿಸ್ತೀರಾ?' ಎನ್ನಿ. ಆಮೇಲೆ ಕಂಡದ್ದನ್ನು ಹೇಳಿ: 'ಎಡಗಡೆ ಬಲಗಡೆಗಿಂತ ಗಿಡ್ಡ ಕಾಣ್ತಿದೆ, ನೀವೂ ನೋಡಿ.' 'ನೀವು ಹಾಳು ಮಾಡಿದ್ರಿ' ಎಂದರೆ ವಾದ ಶುರುವಾಗುತ್ತದೆ, 'ಹೀಗೆ ಕಾಣ್ತಿದೆ' ಎಂದರೆ ಇಬ್ಬರೂ ಸೇರಿ ಕನ್ನಡಿ ನೋಡುತ್ತೀರಿ. ಉರಿ, ಕಡಿತ, ಉಸಿರಾಟದ ತೊಂದರೆ ಆದರೆ ಈ ನಯವೂ ಬೇಡ. 'ಉರೀತಿದೆ, ಈಗಲೇ ತೊಳೀರಿ.'

ಕೆಲಸ ಮಾಡುವವರಿಗೆ ನಾಲ್ಕು ಮಾತು

ಹೊಸದಾಗಿ ಕಸುಬಿಗೆ ಬಂದವರು ಮೌನಕ್ಕೆ ಹೆದರಿ ಮಾತು ತುಂಬುತ್ತಾರೆ. ಎರಡು ಪ್ರಶ್ನೆ ಕೇಳಿ. ಎರಡಕ್ಕೂ ಒಂದೇ ಪದದ ಉತ್ತರ ಬಂದರೆ ಗಿರಾಕಿಗೆ ಮೌನ ಬೇಕಿದೆ. ಕೆಲಸದ ಮಾತಿಗಷ್ಟೇ ಬಾಯಿ ತೆರೆಯಿರಿ: 'ಈಗ ತಲೆ ಸ್ವಲ್ಪ ಬಗ್ಗಿಸಿ', 'ಇನ್ನು ಹತ್ತು ನಿಮಿಷ'. ಒಬ್ಬ ಗಿರಾಕಿಯ ಕಥೆ ಇನ್ನೊಬ್ಬರಿಗೆ ಹೇಳಬೇಡಿ. ಕೇಳಿದವರು ಮಜಾ ತೆಗೆದುಕೊಂಡರೂ, ತಮ್ಮ ಕಥೆಯೂ ಹೀಗೇ ಹೋಗುತ್ತದೆಂದು ಲೆಕ್ಕ ಹಾಕುತ್ತಾರೆ. ಗಿರಾಕಿಗೆ ಬಾರದ ಭಾಷೆಯಲ್ಲಿ ಸಹೋದ್ಯೋಗಿಯ ಜೊತೆ ನಗಬೇಡಿ, ತಮ್ಮನ್ನೇ ಆಡಿಕೊಂಡರು ಎಂದೇ ಅವರಿಗೆ ಅನಿಸುತ್ತದೆ. 'ಕೂದಲು ಯಾಕೆ ಇಷ್ಟು ಹಾಳಾಗಿದೆ?' ಎಂದು ಮಾತು ಶುರುಮಾಡುವುದು ಅತಿ ಕೆಟ್ಟ ಶುರು. ಕೇಳಬೇಕಾದ್ದು 'ಈ ನಡುವೆ ಬಣ್ಣ, ಸ್ಟ್ರೇಟ್ನಿಂಗ್ ಏನಾದರೂ ಮಾಡಿಸಿದ್ರಾ?' ವಿಷಯ ಅದೇ, ಗಾಯವಿಲ್ಲ.

ಹಂತ 8: ಏಳುವಾಗ, ಮತ್ತೆ ಬರುವಾಗ

ಹಿಂದೆ ಕನ್ನಡಿ ಹಿಡಿದು ತೋರಿಸುವಾಗ 'ಚೆನ್ನಾಗಿದೆ' ಎಂದು ಅಭ್ಯಾಸಬಲದಿಂದ ಹೇಳಬೇಡಿ. ಹತ್ತು ಸೆಕೆಂಡು ನೋಡಿ. ಹಿಡಿಸಿದ್ದು ಯಾವುದೆಂದು ಬಿಡಿಸಿ ಹೇಳಿ: 'ಕಿವಿಯ ಹತ್ತಿರ ಹೀಗೆ ಇಳಿಬಿಟ್ಟದ್ದು ಇಷ್ಟವಾಯ್ತು.' ಇದು ಬರೀ ಸೌಜನ್ಯವಲ್ಲ, ಮುಂದಿನ ಸಲಕ್ಕೆ ಅವರಿಗೆ ಸಿಕ್ಕ ಅಳತೆ. ಮನೆಗೆ ಹೋದ ಮೇಲೆ ಓರೆ ಕಂಡರೆ ಒಂದು ವಾರದೊಳಗೆ ಫೋನ್ ಮಾಡಿ. ಅನೇಕ ಕಡೆ ಸಣ್ಣ ತಿದ್ದುಪಡಿ ಮಾಡಿಕೊಡುತ್ತಾರೆ, ತಿಂಗಳು ಕಳೆದರೆ ಕೂದಲು ಬೆಳೆದು ಯಾರ ತಪ್ಪೆಂದು ಗೊತ್ತಾಗುವುದಿಲ್ಲ.

'ನಾನು ಏನೇನೋ ಮಾತಾಡಿಬಿಟ್ಟೆ' ಎಂದು ದಾರಿಯುದ್ದಕ್ಕೂ ಕೊರಗುವವರು ಒಂದು ತಿಳಿದಿರಲಿ. ಹೊಸಬರೊಂದಿಗೆ ಮಾತಾಡಿದ ಮೇಲೆ, ಅವರು ನಮ್ಮನ್ನು ನಿಜಕ್ಕೂ ಎಷ್ಟು ಇಷ್ಟಪಟ್ಟರೋ ಅದಕ್ಕಿಂತ ಕಡಿಮೆ ಇಷ್ಟಪಟ್ಟರೆಂದು ನಾವು ಅಂದುಕೊಳ್ಳುತ್ತೇವೆ ಎಂಬುದು 2018ರಲ್ಲಿ ಪ್ರಕಟವಾದ ಮನಶ್ಶಾಸ್ತ್ರದ ಅಧ್ಯಯನವೊಂದರಲ್ಲಿ ಕಂಡುಬಂತು. ನಿಮ್ಮ ಮಾತು ನಿಮಗೆ ಅನಿಸಿದಷ್ಟು ಪೆದ್ದಾಗಿರಲಿಲ್ಲ.

ಅವರು ಹೇಳಿದ ಒಂದೆರಡು ಸಂಗತಿ ಫೋನಿನಲ್ಲಿ ಗುರುತು ಹಾಕಿಕೊಳ್ಳಿ: ಮಗಳ ಪರೀಕ್ಷೆ, ಹೊಸ ಕೋರ್ಸು. ಜೊತೆಗೆ ಬಣ್ಣದ ನಂಬರ್, ಡೆವಲಪರ್ ಶೇಕಡಾವಾರು ಕೇಳಿ ಬರೆದುಕೊಳ್ಳಿ. ಎಂಟು ವಾರ ಬಿಟ್ಟು 'ಕೋರ್ಸ್ ಮುಗೀತಾ?' ಎಂದು ಕೇಳಿದರೆ ಮೊದಲ ಸಾಲಿನ ತೊಡಕೇ ಇರುವುದಿಲ್ಲ.

ಅದೇ ಸಲೂನಿನಲ್ಲಿ ಬೇರೆಯವರ ಬಳಿ ಕೂರಬೇಕೆನಿಸಿದರೆ ಬುಕ್ ಮಾಡುವಾಗಲೇ ಹೆಸರು ಹೇಳಿ. ಕೌಂಟರಿನವರಿಗೆ ಇದು ದಿನನಿತ್ಯದ ವ್ಯವಹಾರ. ಹಳಬರು ಎದುರಾದರೆ ಕಣ್ಣು ತಪ್ಪಿಸದೆ ಮೊದಲು ನೀವೇ ನಮಸ್ಕಾರ ಹೇಳಿ: 'ಹೇಗಿದ್ದೀರಿ? ಈ ಸಲ ಕಲರ್‌ಗೆ ಇವರ ಹತ್ರ ಕೂತಿದ್ದೀನಿ.' ಅವರ ಕೆಲಸದ ಬಗ್ಗೆ ವಿವರಣೆ ಬೇಡ. ಹೊಸಬರ ಕುರ್ಚಿಯಲ್ಲಿ ಕೂತು ಹಳಬರನ್ನು ದೂರಬೇಡಿ, ಇಬ್ಬರೂ ಒಂದೇ ಕೋಣೆಯಲ್ಲಿ ಊಟ ಮಾಡುವವರು. ಬರೆದಿಟ್ಟ ಬಣ್ಣದ ನಂಬರ್ ತೋರಿಸಿ, ಎರಡನೆಯ ಹಂತದ ಐದು ನಿಮಿಷವನ್ನು ಅವರೊಂದಿಗೆ ಪೂರ್ತಿಯಾಗಿ ಮಾಡಿ. ಹಳಬರಿಗೆ ಗೊತ್ತಿದ್ದದ್ದು ಯಾವುದೂ ಇವರಿಗೆ ಗೊತ್ತಿಲ್ಲ.